ದ್ವಿಭಾಷಾ ಶಾಲೆಗೆ ಎರಡು ವಿಭಾಗ ಏಕೆ?

ಹುಬ್ಬಳ್ಳಿ ದಾಟಿ ಹಾವೇರಿ ಕಡೆ ಹೊರಟವರಿಗೆ ಹೆದ್ದಾರಿಯ ಪಕ್ಕದಲ್ಲೇ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿ ಸಿಗುತ್ತದೆ. ಊರು ಚಿಕ್ಕದಾದರೂ ಹೆಸರು ನಾಡಿಗೆಲ್ಲ ಗೊತ್ತು. ಜಾನಪದದ ಅಧ್ಯಯನಕ್ಕೆಂದೇ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದು ಇಲ್ಲಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕನಸಿನ ಉತ್ಸವ ರಾಕ್ ಗಾರ್ಡನ್ ಇರುವುದೂ ಇಲ್ಲೇ. ಪ್ರವಾಸದ ಹಂಗಾಮು ಬಂತೆಂದರೆ ಶಾಲಾ ಬಸ್ಸುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಸಮವಸ್ತ್ರದ ಮಕ್ಕಳು ಸಾಲಾಗಿ ಇಳಿದು, ಆಳೆತ್ತರದ ರೈತ, ಕುಂಬಾರ, ಕಮ್ಮಾರರ ಶಿಲ್ಪಗಳ ನಡುವೆ ಓಡಾಡಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಅವರಲ್ಲಿ ಎಷ್ಟೋ ಮಕ್ಕಳ ಅಜ್ಜ ಈಗಲೂ ಎತ್ತು ಹೂಡುವವನೇ. ಆದರೆ ಖಾಸಗಿ ಇಂಗ್ಲಿಷ್ ಶಾಲೆಯ ಮಗು ನೋಡಿದ್ದನ್ನು ಮರುದಿನ ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ. ಅದೂ ಬಹಳಷ್ಟು ಕಡೆ, ಟೀಚರ್ ಬೋರ್ಡಿನ ಮೇಲೆ ಬರೆದ ನಾಲ್ಕು ವಾಕ್ಯಗಳನ್ನು ನಕಲು ಮಾಡಿ.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಬೆಳಗಾದರೆ ಹಳದಿ ವ್ಯಾನುಗಳು ಹಳ್ಳಿ ಹಳ್ಳಿ ಸುತ್ತಿ ಮಕ್ಕಳನ್ನು ತುಂಬಿಕೊಂಡು ಪಟ್ಟಣದ ಶಾಲೆಗಳಿಗೆ ಸಾಗಿಸುತ್ತವೆ. ಗೋವಿನಜೋಳ, ಹತ್ತಿ ಮಾರಿದ ದುಡ್ಡು ಕೈಗೆ ಬಂದ ಕೂಡಲೇ ಫೀ ಕಟ್ಟುವ ಈ ಪಾಲಕರಿಗೆ ಕನ್ನಡದ ಮೇಲೆ ಸಿಟ್ಟೇನಿಲ್ಲ. ಪಿಯುಸಿ ವಿಜ್ಞಾನ ಇಂಗ್ಲಿಷಿನಲ್ಲಿದೆ, ಎಂಜಿನಿಯರಿಂಗ್ ಇಂಗ್ಲಿಷಿನಲ್ಲಿದೆ, ಬೆಂಗಳೂರಿನ ಕಂಪನಿಯ ಸಂದರ್ಶನ ಇಂಗ್ಲಿಷಿನಲ್ಲಿದೆ. ಹಾಗಾದರೆ ಒಂದನೇ ತರಗತಿಯಿಂದಲೇ ಯಾಕಾಗಬಾರದು ಎನ್ನುವುದು ಅವರ ಲೆಕ್ಕ. ಅವರ ಆಸೆಯಲ್ಲಿ ತಪ್ಪಿಲ್ಲ. ಆ ಆಸೆಗೆ ಸರ್ಕಾರ ಕೊಟ್ಟ ಉತ್ತರದಲ್ಲಿ ತಪ್ಪಿದೆ.

ಸರ್ಕಾರಿ ಶಾಲೆಗಳು ಬರಿದಾಗುತ್ತಿವೆ ಎಂಬ ಆತಂಕದಲ್ಲಿ 2019–20ನೇ ಸಾಲಿನಿಂದ 1,000 ಶಾಲೆಗಳಲ್ಲಿ ಕನ್ನಡ ವಿಭಾಗದ ಪಕ್ಕದಲ್ಲೇ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯುವ ತೀರ್ಮಾನವಾಯಿತು. ಆಗ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ. 2019ರ ಜನವರಿಯಲ್ಲಿ ಧಾರವಾಡದಲ್ಲಿ ನಡೆದ 84ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಚಂದ್ರಶೇಖರ ಕಂಬಾರರು ಅದನ್ನು ವಿರೋಧಿಸಿದರು, ಮುಖ್ಯಮಂತ್ರಿ ಸಮರ್ಥಿಸಿಕೊಂಡರು. ಮುಂದೆ ಸರ್ಕಾರಗಳು ಬದಲಾದವು, ನೀತಿ ಬದಲಾಗಲಿಲ್ಲ. 2025–26ನೇ ಸಾಲಿಗೆ ಮತ್ತೆ ಸಾವಿರಾರು ಶಾಲೆಗಳಲ್ಲಿ ಇಂಥ ವಿಭಾಗ ತೆರೆಯಲು ಅನುಮತಿ ಸಿಕ್ಕಿತು. ಸರ್ಕಾರಿ ಕಡತದಲ್ಲಿ ಇವುಗಳ ಹೆಸರು ದ್ವಿಭಾಷಾ ಮಾಧ್ಯಮ ಶಾಲೆ.

ಒಳಗೆ ಹೋಗಿ ನೋಡಿದರೆ ಕಾಣುವುದು ಬೇರೆ. ಒಂದು ಕೋಣೆಯಲ್ಲಿ ಕನ್ನಡದ ಒಂದನೇ ತರಗತಿ, ಪಕ್ಕದ ಕೋಣೆಯಲ್ಲಿ ಇಂಗ್ಲಿಷಿನ ಒಂದನೇ ತರಗತಿ. ಮಧ್ಯಾಹ್ನದ ಬಿಸಿಯೂಟ ಒಂದೇ, ಆಟದ ಬಯಲು ಒಂದೇ, ಓಣಿಯೂ ಒಂದೇ; ಪಾಠ ಮಾತ್ರ ಬೇರೆ. ಇಂಗ್ಲಿಷ್ ವಿಭಾಗಕ್ಕೆ ಸೇರಿದವರು ಜಾಣರು, ಕನ್ನಡ ವಿಭಾಗದಲ್ಲಿ ಉಳಿದವರು ಗತಿಯಿಲ್ಲದವರು ಎಂಬ ಭಾವನೆ ಆರು ವರ್ಷದ ಮಕ್ಕಳಿಗೂ ಅಂಟಲು ಹೆಚ್ಚು ದಿನ ಬೇಕಿಲ್ಲ. ಖಾಸಗಿ ಶಾಲೆಗೂ ಸರ್ಕಾರಿ ಶಾಲೆಗೂ ನಡುವೆ ಇದ್ದ ಗೋಡೆಯನ್ನು ಸರ್ಕಾರ ತನ್ನ ಅಂಗಳಕ್ಕೇ ತಂದು ನಿಲ್ಲಿಸಿಕೊಂಡಿದೆ.

ವಿಚಿತ್ರವೆಂದರೆ, ಈ ವಿಭಾಗಗಳಿಗಾಗಿ ಕರ್ನಾಟಕ ಪಠ್ಯಪುಸ್ತಕ ಸಂಘ ಸಿದ್ಧಪಡಿಸಿದ ಗಣಿತ ಮತ್ತು ಪರಿಸರ ಅಧ್ಯಯನದ ಪುಸ್ತಕಗಳು ನಿಜಕ್ಕೂ ದ್ವಿಭಾಷಾ ಪುಸ್ತಕಗಳು. ಅದೇ ಚಿತ್ರ, ಅದೇ ಲೆಕ್ಕ, ಅದೇ ಪ್ರಶ್ನೆ ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ಮಗುವಿಗೆ ಒಂದರಲ್ಲಿ ತಿಳಿಯದ್ದು ಇನ್ನೊಂದರಲ್ಲಿ ತಿಳಿಯುತ್ತದೆ. ಮನೆಯಲ್ಲಿ ಕೂತು ಓದಿಸುವ ಅಕ್ಕನಿಗೋ ಅಣ್ಣನಿಗೋ ಇಂಗ್ಲಿಷ್ ಬಾರದಿದ್ದರೂ ಪುಸ್ತಕ ಬಾಗಿಲು ಮುಚ್ಚುವುದಿಲ್ಲ. ಎರಡೂ ಭಾಷೆಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಲು ಇದಕ್ಕಿಂತ ಒಳ್ಳೆಯ ಸಾಧನ ಬೇಕಿಲ್ಲ. ಸಾಧನ ಕೈಯಲ್ಲಿಟ್ಟುಕೊಂಡು ಕೋಣೆಯನ್ನು ಮಾತ್ರ ಎರಡು ಮಾಡಲಾಗಿದೆ.

ಪಾಠ ನಡೆಯುವ ಪರಿಯನ್ನೇ ನೋಡಬಹುದು. ಎರಡಂಕಿಯ ಕಳೆಯುವ ಲೆಕ್ಕ, 43ರಲ್ಲಿ 27. ಇಂಗ್ಲಿಷ್ ವಿಭಾಗದ ಅಕ್ಕೋರು ಲೆಕ್ಕವನ್ನು ಇಂಗ್ಲಿಷಿನಲ್ಲಿ ಓದುತ್ತಾರೆ. ಮಕ್ಕಳು ಸುಮ್ಮನೆ ನೋಡುತ್ತಾರೆ. ‘ಮೂರರಾಗ ಏಳು ಹೋಕ್ಕಾವೇನು? ಇಲ್ಲ. ಹಂಗಾರ ಬಾಜೂ ಮನಿಯಿಂದ ಒಂದು ಹತ್ತು ಕಡಾ ತರೂಣು’ ಎಂದ ತಕ್ಷಣ ಹತ್ತು ಕೈ ಮೇಲೇಳುತ್ತವೆ. ಉತ್ತರವನ್ನು ‘ಸಿಕ್ಸ್‌ಟೀನ್’ ಎಂದು ಹೇಳಿಸಿ ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಅನುಭವಿ ಶಿಕ್ಷಕಿ ತನ್ನ ಪಾಡಿಗೆ ತಾನು ಕಂಡುಕೊಂಡ ಈ ದಾರಿಯೇ ದ್ವಿಭಾಷಾ ಬೋಧನೆ. ಆದರೆ ಅಧಿಕಾರಿಗಳು ತಪಾಸಣೆಗೆ ಬಂದ ದಿನ ಅದು ಕಳ್ಳದಾರಿ. ಅವತ್ತು ಮಾಧ್ಯಮ ಶುದ್ಧವಾಗಿರಬೇಕು. ಹೆಚ್ಚಿನ ಕಡೆ ಕನ್ನಡ ವಿಭಾಗದ ಶಿಕ್ಷಕರೇ ಕೆಲ ವಾರಗಳ ತರಬೇತಿ ಮುಗಿಸಿ ಇಂಗ್ಲಿಷ್ ವಿಭಾಗಕ್ಕೂ ಪಾಠ ಮಾಡುತ್ತಿದ್ದಾರೆ. ಅವರ ದೊಡ್ಡ ಬಲವಾದ ಕನ್ನಡವನ್ನು ಅವರು ಅಡಗಿಸಿ ಬಳಸಬೇಕಾದ ಸ್ಥಿತಿ ಇದು.

ಕನ್ನಡದ ಬಲದಿಂದಲೇ ಇಂಗ್ಲಿಷ್ ಕಲಿಸಬೇಕೆಂಬ ವಾದ ಹೊಸದೇನಲ್ಲ. ಅದರ ಒಂದು ಎಳೆ ಇದೇ ನೆಲದಲ್ಲಿದೆ. ಗೊಟಗೋಡಿಯಿಂದ ಸವಣೂರು ದೂರವಿಲ್ಲ. ನವಾಬರ ಆ ಪುಟ್ಟ ಸಂಸ್ಥಾನದಲ್ಲಿ 1909ರ ಆಗಸ್ಟ್ 9ರಂದು ಹುಟ್ಟಿದವರು ವಿನಾಯಕ ಕೃಷ್ಣ ಗೋಕಾಕ. ಓದಿದ್ದು ಅಲ್ಲಿನ ಮಜೀದ್ ಹೈಸ್ಕೂಲಿನಲ್ಲಿ. ಆಮೇಲೆ ಧಾರವಾಡ, ಅಲ್ಲಿಂದ ಆಕ್ಸ್‌ಫರ್ಡ್. ಇಂಗ್ಲಿಷ್ ಪ್ರಾಧ್ಯಾಪಕರಾಗಿ ಬದುಕು ಕಟ್ಟಿಕೊಂಡ ಅವರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದರು. ದೇಶದ ಶಾಲಾ ಕಾಲೇಜುಗಳಲ್ಲಿ ಇಂಗ್ಲಿಷನ್ನು ಹೇಗೆ ಕಲಿಸಬೇಕು ಎಂದು ಚಿಂತಿಸುವುದೇ ಆ ಸಂಸ್ಥೆಯ ಕೆಲಸ. ಅದೇ ಗೋಕಾಕರು 1981ರ ಜನವರಿಯಲ್ಲಿ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ, ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕ ಇರಬೇಕು ಎಂದರು. 1982ರಲ್ಲಿ ನಟ ರಾಜ್‌ಕುಮಾರ್ ಧುಮುಕಿದ ಮೇಲೆ, ಆ ವರದಿಯ ಜಾರಿಗಾಗಿ ಎದ್ದ ಗೋಕಾಕ್ ಚಳವಳಿ ಬೀದಿ ಬೀದಿಯ ಮಾತಾಯಿತು. ಗುಂಡೂರಾವ್ ಸರ್ಕಾರ ಮಣಿಯಬೇಕಾಯಿತು.

ಗೋಕಾಕರ ಹೆಸರನ್ನು ಇಂದು ಇಂಗ್ಲಿಷ್ ವಿರೋಧದ ಬಾವುಟದಂತೆ ಹಿಡಿಯುವವರು ಮರೆಯುವ ಸಂಗತಿ ಒಂದಿದೆ: ಇಂಗ್ಲಿಷನ್ನು ಅವರಷ್ಟು ಗಂಭೀರವಾಗಿ ತೆಗೆದುಕೊಂಡ ಕನ್ನಡಿಗರು ಕಡಿಮೆ. ಕನ್ನಡದ ಬುನಾದಿಯ ಮೇಲೆ ಇಂಗ್ಲಿಷ್ ನಿಲ್ಲುತ್ತದೆ ಎಂಬುದಕ್ಕೆ ಅವರ ಬದುಕೇ ಪುರಾವೆ. ‘ಭಾರತ ಸಿಂಧುರಶ್ಮಿ’ಯ ಕವಿಗೆ ಜ್ಞಾನಪೀಠ ಬಂದದ್ದು ಕನ್ನಡಕ್ಕಾಗಿ, ಅವರು ಇಂಗ್ಲಿಷಿನಲ್ಲೂ ಬರೆದರು.

ಅಂದಿನ ಗೆಲುವು ಅಂಕಪಟ್ಟಿಯಲ್ಲಿ ಏನಾಯಿತು ಎಂದು ನೋಡಿದರೆ ಬೇಸರವಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ದ್ವಿತೀಯ, ತೃತೀಯ ಭಾಷೆಗಳಿಗೆ ತಲಾ 100. ಇಂಗ್ಲಿಷ್ ಮಾಧ್ಯಮದ ಬಹಳಷ್ಟು ಶಾಲೆಗಳಲ್ಲಿ ಪ್ರಥಮ ಭಾಷೆ ಇಂಗ್ಲಿಷ್, ಕನ್ನಡ ಎರಡನೆಯದು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ, 2017ರ ನಿಯಮಗಳು ಕನ್ನಡವನ್ನು ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಿಗೂ ಕೊಂಡೊಯ್ದವು. ಆದರೆ ಅಲ್ಲಿ ಕನ್ನಡ ಪಾಸಾಗಬೇಕಾದ ಒಂದು ವಿಷಯ. ಅದರ ಮೂಲಕ ವಿಜ್ಞಾನವನ್ನಾಗಲಿ ಇತಿಹಾಸವನ್ನಾಗಲಿ ಯಾರೂ ಕಲಿಯುವುದಿಲ್ಲ.

ಕಡ್ಡಾಯದ ದಾರಿಯನ್ನು ನ್ಯಾಯಾಲಯ ಮುಚ್ಚಿ ಹತ್ತು ವರ್ಷದ ಮೇಲಾಯಿತು. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕು ಎಂದು ಸರ್ಕಾರ 1994ರಲ್ಲಿ ಆದೇಶ ಹೊರಡಿಸಿತ್ತು. ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದ ಶಾಲೆಗಳ ಮಾನ್ಯತೆ ರದ್ದು ಮಾಡಲು 2006ರಲ್ಲಿ ಶಿಕ್ಷಣ ಸಚಿವರಾಗಿದ್ದ ಬಸವರಾಜ ಹೊರಟ್ಟಿ ಮುಂದಾದರು. ಎರಡು ವರ್ಷದ ನಂತರ ಹೈಕೋರ್ಟಿನ ಪೂರ್ಣಪೀಠ 1994ರ ಆದೇಶ ಖಾಸಗಿ ಶಾಲೆಗಳಿಗೆ ಅನ್ವಯಿಸದು ಎಂದಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ನಿಲುವನ್ನೇ ಎತ್ತಿ ಹಿಡಿಯಿತು. ಮಗುವಿನ ಮಾತೃಭಾಷೆ ಯಾವುದೆಂದು ಹೇಳುವವರು ಪಾಲಕರು. ಪ್ರಾಥಮಿಕ ಹಂತದಲ್ಲಿ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ. ತೀರ್ಪನ್ನು ಹಳಿಯುತ್ತ ಕೂರುವುದಕ್ಕಿಂತ, ಪಾಲಕರು ತಾವಾಗಿ ಆರಿಸಿಕೊಳ್ಳುವಂಥ ಶಾಲೆ ಕಟ್ಟುವುದು ಲೇಸು.

ಅಂಥ ಶಾಲೆ ಹೇಗಿರುತ್ತದೆ? ಕ್ರಿಕೆಟ್ಟಿನಿಂದ ನಮಗೆ ಪರಿಚಿತವಾದ ಕೆರಿಬಿಯನ್ ದ್ವೀಪಗಳ ಕಡೆ ಒಮ್ಮೆ ನೋಡಬಹುದು. ಡೊಮಿನಿಕನ್ ಗಣರಾಜ್ಯದ ಪುಂಟಾ ಕಾನಾ ಪ್ರವಾಸಿಗರ ಸ್ವರ್ಗ. ರೆಸಾರ್ಟುಗಳ ಸುತ್ತ ಹುಟ್ಟಿಕೊಂಡ ಖಾಸಗಿ ಅಂತರರಾಷ್ಟ್ರೀಯ ಶಾಲೆಗಳು ‘ದ್ವಿಭಾಷಾ’ ಎಂಬುದನ್ನೇ ಹೆಗ್ಗಳಿಕೆಯಾಗಿ ಹೇಳಿಕೊಳ್ಳುತ್ತವೆ. ಅಲ್ಲಿ ಅದರ ಅರ್ಥ, ಅದೇ ಮಗು ಕೆಲವು ವಿಷಯಗಳನ್ನು ಊರಿನ ಭಾಷೆಯಾದ ಸ್ಪ್ಯಾನಿಶ್‌ನಲ್ಲೂ ಕೆಲವನ್ನು ಇಂಗ್ಲಿಷಿನಲ್ಲೂ ಕಲಿಯುತ್ತದೆ ಎಂದು. ಇತ್ತ ಬೆಂಗಳೂರಿನ ಅಂತರರಾಷ್ಟ್ರೀಯ ಶಾಲೆಗಳು ಮೆಚ್ಚಿಕೊಂಡ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಪಠ್ಯಕ್ರಮದಲ್ಲೂ ಎರಡು ಭಾಷೆಗಳ ಸಾಹಿತ್ಯವನ್ನು ಗಟ್ಟಿಯಾಗಿ ಓದಿದವರಿಗೆ ದ್ವಿಭಾಷಾ ಡಿಪ್ಲೊಮಾ ಸಿಗುತ್ತದೆ. ಅದು ವಿಶೇಷ ಗೌರವ. ಜಗತ್ತಿನ ಶ್ರೀಮಂತರು ಮಕ್ಕಳಿಗೆ ಎರಡನೇ ಭಾಷೆ ಕೂಡಿಸಲು ದುಡ್ಡು ಕೊಡುತ್ತಾರೆ. ಹಾನಗಲ್ಲಿನ ರೈತ ಮಗುವಿಗಿದ್ದ ಒಂದನ್ನು ಕಳೆಯಲು ಫೀ ಕಟ್ಟುತ್ತಿದ್ದಾನೆ.

ಇನ್ನೊಂದು ದ್ವೀಪದ ಕಥೆ ನಮಗೆ ಇನ್ನೂ ಹತ್ತಿರದ್ದು. ವೆನೆಜುವೆಲಾ ಕರಾವಳಿಯಾಚೆಯ ಕುರಸಾವೊ ಡಚ್ಚರ ವಸಾಹತಾಗಿತ್ತು. ಜನ ಆಡುವುದು ಪಾಪಿಯಮೆಂಟು, ಶಾಲೆ ನಡೆಯುತ್ತಿದ್ದುದು ಡಚ್ಚಿನಲ್ಲಿ. ಮನೆಯಲ್ಲಿ ಎಂದೂ ಕೇಳದ ಭಾಷೆಯಲ್ಲಿ ಅಕ್ಷರ ಕಲಿತ ಮಕ್ಕಳು ಹಿಂದುಳಿಯುತ್ತಿದ್ದರು. ಡಚ್ ಭಾಷೆಯಲ್ಲೇ ಕಾದಂಬರಿ ಬರೆದು ಹೆಸರಾಗಿದ್ದ ಫ್ರಾಂಕ್ ಮಾರ್ಟಿನಸ್ ಆರಿಯನ್ 1987ರಲ್ಲಿ ‘ಕೊಲೆಜಿಯೊ ಎರಾಸ್ಮೊ’ ಎಂಬ ಖಾಸಗಿ ಶಾಲೆ ಶುರುಮಾಡಿದರು. ಮಾಧ್ಯಮ ಪಾಪಿಯಮೆಂಟು. ದೊರೆಗಳ ಭಾಷೆಯಲ್ಲಿ ಪಳಗಿದ ಲೇಖಕನೇ ಮಕ್ಕಳಿಗೆ ಮನೆಮಾತಿನ ಶಾಲೆ ತೆರೆದ. ಇಪ್ಪತ್ತು ವರ್ಷಕ್ಕೆ, 2007ರಲ್ಲಿ, ಪಾಪಿಯಮೆಂಟು ಅಲ್ಲಿ ಅಧಿಕೃತ ಭಾಷೆಯೂ ಆಯಿತು. ನಮ್ಮಲ್ಲಿ ಖಾಸಗಿ ಶಾಲೆ ಎಂದರೆ ಇಂಗ್ಲಿಷ್ ಎಂದೇ ಅರ್ಥ. ಖಾಸಗಿಯವರು ಊರಿನ ಭಾಷೆಯ ಪ್ರಯೋಗಶಾಲೆಯೂ ಆಗಬಲ್ಲರು ಎಂದು ಆ ಪುಟ್ಟ ದ್ವೀಪ ತೋರಿಸಿತು.

ಜಮೈಕಾದಲ್ಲಿ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಹ್ಯೂಬರ್ಟ್ ಡೆವನಿಷ್ ಮತ್ತು ಕರೆನ್ ಕಾರ್ಪೆಂಟರ್ 2004ರಿಂದ ನಾಲ್ಕು ವರ್ಷ ಪ್ರಾಥಮಿಕ ತರಗತಿಗಳಲ್ಲಿ ಜಮೈಕನ್ ಕ್ರಿಯೋಲ್ ಮತ್ತು ಇಂಗ್ಲಿಷ್ ಎರಡನ್ನೂ ಬಳಸಿ ಪಾಠ ಮಾಡಿಸಿದರು. ಹೈಟಿ 1987ರ ಸಂವಿಧಾನದಲ್ಲಿ ಫ್ರೆಂಚಿನ ಜೊತೆ ಕ್ರಿಯೋಲನ್ನೂ ಅಧಿಕೃತ ಭಾಷೆಯಾಗಿಸಿತು. ಮನೆಮಾತಿನ ಕಲಿಕೆ ಇಂಗ್ಲಿಷಿಗೆ ತೊಡಕಲ್ಲ ಎಂಬುದಕ್ಕೆ ಅತಿ ಸ್ಪಷ್ಟ ಪುರಾವೆ ಬಂದದ್ದು ಆಫ್ರಿಕಾದಿಂದ. ನೈಜೀರಿಯಾದ ಇಫೆಯಲ್ಲಿ ಬಾಬ್ಸ್ ಫಫುನ್ವಾ 1970ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ ಮಕ್ಕಳು ಪ್ರಾಥಮಿಕ ಶಾಲೆಯ ಆರೂ ವರ್ಷ ಎಲ್ಲ ವಿಷಯಗಳನ್ನು ಯೊರೂಬಾದಲ್ಲಿ ಕಲಿತರು. ಇಂಗ್ಲಿಷನ್ನು ಭಾಷೆಯಾಗಿ, ಅದರಲ್ಲಿ ಪಳಗಿದ ಶಿಕ್ಷಕರಿಂದ ಕಲಿತರು. ಮಧ್ಯದಲ್ಲೇ ಇಂಗ್ಲಿಷ್ ಮಾಧ್ಯಮಕ್ಕೆ ಹೊರಳಿದ ಮಕ್ಕಳಿಗಿಂತ ಅವರು ಉಳಿದ ವಿಷಯಗಳಲ್ಲಿ ಮುಂದಿದ್ದರು, ಇಂಗ್ಲಿಷಿನಲ್ಲಿ ಹಿಂದೆ ಬೀಳಲಿಲ್ಲ. ಇಲ್ಲಿ ಎರಡು ಸಂಗತಿ ಒಟ್ಟಿಗೆ ಇದ್ದವು ಎಂಬುದನ್ನು ಗಮನಿಸಬೇಕು: ವಿಷಯ ತಿಳಿಯುವ ಭಾಷೆ, ಮತ್ತು ಇಂಗ್ಲಿಷ್ ಬಲ್ಲ ಮಾಸ್ತರ. ಕರ್ನಾಟಕ 2007–08ರಿಂದ ಒಂದನೇ ತರಗತಿಗೇ ಇಂಗ್ಲಿಷನ್ನು ವಿಷಯವಾಗಿ ತಂದಿತು, ಮಾಸ್ತರನನ್ನು ತರಲಿಲ್ಲ. ಪಾಲಕರು ಕಾದು ನೋಡಿ, ವ್ಯಾನು ಹತ್ತಿಸಿದರು.

ಮನೆಮಾತಿನಲ್ಲಿ ಕಲಿಸಬೇಕೆಂಬ ಈ ವಾದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಒಂದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕನ್ನಡದ ಪರ ಭಾಷಣ ಮಾಡುವವರ ಮಕ್ಕಳು, ಮೊಮ್ಮಕ್ಕಳು ಎಲ್ಲಿ ಓದುತ್ತಾರೆ ಎಂದು ದಲಿತ, ಹಿಂದುಳಿದ ಸಮುದಾಯಗಳ ಚಿಂತಕರು ಕೇಳುತ್ತ ಬಂದಿದ್ದಾರೆ. ಶತಮಾನಗಟ್ಟಲೆ ಅಕ್ಷರದಿಂದ ದೂರವಿಟ್ಟವರಿಗೆ ಇಂಗ್ಲಿಷ್ ಒಂದು ಬಿಡುಗಡೆ ಎಂಬ ಮಾತಿಗೆ ತೂಕವಿದೆ. ಉತ್ತರ ಪ್ರದೇಶದ ಬಂಕಾ ಎಂಬ ಹಳ್ಳಿಯಲ್ಲಿ 2010ರಲ್ಲಿ ದಲಿತರು ಇಂಗ್ಲಿಷ್ ದೇವಿಗೇ ಗುಡಿ ಕಟ್ಟಲು ಹೊರಟಿದ್ದರು. ಕನ್ನಡ ಸಾಕು, ಇಂಗ್ಲಿಷ್ ಬೇಡ ಎಂದು ಬಡವರ ಮಕ್ಕಳಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಈಗ ಅವರಿಗೆ ಸಿಗುತ್ತಿರುವುದೇನು? ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳನ್ನೇ ನೋಡಿ. ಹಳ್ಳಿಯ ಬಡ ಮಕ್ಕಳ ಪಾಲಿಗೆ ದೊಡ್ಡ ಆಸರೆ. ಪ್ರವೇಶ ಪರೀಕ್ಷೆಗೆ ಪೈಪೋಟಿಯೂ ಅಷ್ಟೇ. ಐದನೇ ತರಗತಿವರೆಗೆ ಕನ್ನಡದಲ್ಲೇ ಓದಿದ ಮಗು ಆರನೇ ತರಗತಿಯ ಮೊದಲ ದಿನದಿಂದ ಗಣಿತ, ವಿಜ್ಞಾನ, ಸಮಾಜ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೇಳಬೇಕು. ನಡುವೆ ಸೇತುವೆ ಇಲ್ಲ. ಮೊದಲ ವರ್ಷವೆಲ್ಲ ಪಾಠ ಅರ್ಥವಾಗುವುದಕ್ಕಿಂತ ಹೆಚ್ಚಾಗಿ ಉರುಹೊಡೆಯುವುದರಲ್ಲೇ ಕಳೆಯುತ್ತದೆ. ಒಂದರಿಂದ ಐದರವರೆಗೆ ನಿಜವಾದ ದ್ವಿಭಾಷಾ ತರಗತಿ ಇದ್ದಿದ್ದರೆ ಈ ಮಕ್ಕಳಿಗೇ ಅದರ ದೊಡ್ಡ ಲಾಭ.

ಮತ್ತೊಂದು ಆಕ್ಷೇಪ ಕನ್ನಡದ ಪರ ಇರುವವರ ಕಡೆಗೇ ತಿರುಗುತ್ತದೆ. ಸವಣೂರು, ಬಂಕಾಪುರದ ಎಷ್ಟೋ ಮನೆಗಳ ಮಾತು ಉರ್ದು. ಹಾವೇರಿ ಜಿಲ್ಲೆಯ ತಾಂಡಾಗಳ ಮಕ್ಕಳು ಮನೆಯಲ್ಲಿ ಆಡುವುದು ಲಂಬಾಣಿ. ಅವರಿಗೆ ಕನ್ನಡವೂ ಶಾಲೆಯಲ್ಲಿ ಕಲಿತದ್ದೇ. ಮನೆಮಾತಿನಲ್ಲಿ ಕಲಿಯಬೇಕು ಎಂಬ ತತ್ವ ಕನ್ನಡಕ್ಕೆ ಅನ್ವಯಿಸಿ ಲಂಬಾಣಿಗೆ ಅನ್ವಯಿಸದಿದ್ದರೆ ಅದು ತತ್ವವಲ್ಲ. ಲಂಬಾಣಿಗೆ ಪೂರ್ಣ ಮಾಧ್ಯಮದ ಶಾಲೆ ತೆರೆಯುವುದು ಸದ್ಯಕ್ಕೆ ಆಗದ ಮಾತು. ಆದರೆ ಒಂದು, ಎರಡನೇ ತರಗತಿಯಲ್ಲಿ ತಾಂಡಾದ ಶಿಕ್ಷಕಿ ಲಂಬಾಣಿಯಲ್ಲಿ ಕಥೆ ಹೇಳಿ, ಕನ್ನಡದಲ್ಲಿ ಬರೆಸಬಹುದು. ಭಾಷೆ, ಧರ್ಮಗಳ ನಡುವೆ ಓಡಾಡುವುದು ಈ ಸೀಮೆಗೆ ಹೊಸತಲ್ಲ. ಇದೇ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದ ಶರೀಫರು ತತ್ವಪದಗಳ ದಾರಿ ಹಿಡಿಯುವ ಮೊದಲು ಕೆಲಕಾಲ ಸಾಲಿ ಮಾಸ್ತರರಾಗಿದ್ದವರು. ಮುಸ್ಲಿಂ ಮನೆಯ ಹುಡುಗನಿಗೆ ಬ್ರಾಹ್ಮಣ ಗುರು ಗೋವಿಂದಭಟ್ಟರು ಸಿಕ್ಕ ನೆಲ ಇದು.

ಪರೀಕ್ಷೆಯ ಮಾತು ಬಂದರೆ, ದೊಡ್ಡ ಪರೀಕ್ಷೆಗಳು ಶಾಲೆಗಳಿಗಿಂತ ಮುಂದೆ ಹೋಗಿವೆ. ವೈದ್ಯಕೀಯ ಪ್ರವೇಶದ ನೀಟ್ 2017ರಿಂದ ಕನ್ನಡದಲ್ಲೂ ಇದೆ. ಕನ್ನಡ ಆಯ್ದುಕೊಂಡವರಿಗೆ ಸಿಗುವ ಪ್ರಶ್ನೆಪುಸ್ತಿಕೆಯಲ್ಲಿ ಇಂಗ್ಲಿಷೂ ಇರುತ್ತದೆ. ದೇಶದ ಅತಿ ಬಿಗುವಿನ ಪರೀಕ್ಷೆಯೊಂದು ಎರಡು ಭಾಷೆಯನ್ನು ಒಂದೇ ಪುಟದಲ್ಲಿ ಒಪ್ಪಿಕೊಂಡಿರುವಾಗ, ಎರಡನೇ ತರಗತಿಯ ಗಣಿತ ಯಾಕೆ ಮಡಿ ಮಾಡಬೇಕು?

ಮಾಡಬೇಕಾದ ಕೆಲಸಗಳು ದೊಡ್ಡ ಖರ್ಚಿನವಲ್ಲ, ಒಂದನ್ನು ಬಿಟ್ಟು. ದ್ವಿಭಾಷಾ ಶಾಲೆಗಳ ಕನ್ನಡ ಮತ್ತು ಇಂಗ್ಲಿಷ್ ವಿಭಾಗಗಳನ್ನು ಐದನೇ ತರಗತಿವರೆಗೆ ಒಂದಾಗಿಸಬೇಕು. ಈಗಿರುವ ದ್ವಿಭಾಷಾ ಪುಸ್ತಕವೇ ಎಲ್ಲ ಮಕ್ಕಳ ಪುಸ್ತಕವಾಗಲಿ. ಪಾಠವನ್ನು ಕನ್ನಡದಲ್ಲಿ ತಿಳಿಸಿ, ಇಂಗ್ಲಿಷಿನಲ್ಲಿ ಹೇಳಲು, ಬರೆಯಲು ಕಲಿಸುವುದು ಶಿಕ್ಷಕರ ಅಧಿಕೃತ ವಿಧಾನವಾಗಲಿ. ತಪಾಸಣೆಗೆ ಬಂದವರು ಅದನ್ನೇ ನೋಡಲಿ. ಆರನೇ ತರಗತಿಯಿಂದ ಗಣಿತ, ವಿಜ್ಞಾನದಲ್ಲಿ ಇಂಗ್ಲಿಷಿನ ಪಾಲು ಹಂತಹಂತವಾಗಿ ಏರಲಿ, ಸಮಾಜ ವಿಜ್ಞಾನ ಕನ್ನಡದಲ್ಲೇ ಉಳಿಯಲಿ. ಪ್ರಶ್ನೆಪತ್ರಿಕೆ ಎರಡೂ ಭಾಷೆಯಲ್ಲಿರಲಿ, ಯಾವ ಭಾಷೆಯಲ್ಲಿ ಉತ್ತರಿಸಿದರೂ ಅಂಕ ಸಿಗಲಿ. ಖರ್ಚಿನ ಕೆಲಸ ಒಂದೇ: ಇಂಗ್ಲಿಷ್ ಭಾಷೆ ಕಲಿಸಲು ತರಬೇತಾದ ಶಿಕ್ಷಕರು. ಶಾಲೆಗೊಬ್ಬರು ಆಗದಿದ್ದರೆ ಕ್ಲಸ್ಟರಿಗೊಬ್ಬರಿಂದ ಆರಂಭಿಸಬಹುದು. ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇರುವುದೇ ಇಂಥ ತರಬೇತಿಗೆ.

ಖಾಸಗಿ ಶಾಲೆಗಳಿಗೂ ಇದೇ ಮಾತನ್ನು ಹೇಳಬೇಕು. ಕನ್ನಡವನ್ನು ದ್ವಿತೀಯ ಭಾಷೆಯ ಪೀರಿಯಡ್ಡಿಗೆ ಸೀಮಿತಗೊಳಿಸದೆ, ಪರಿಸರ ಅಧ್ಯಯನವನ್ನೋ ಸ್ಥಳೀಯ ಇತಿಹಾಸವನ್ನೋ ಕನ್ನಡದಲ್ಲಿ ಕಲಿಸುವ ಶಾಲೆಗಳು ಪಾಲಕರ ಎದುರು ‘ನಾವು ದ್ವಿಭಾಷಾ ಶಾಲೆ’ ಎಂದು ಎದೆ ತಟ್ಟಿ ಹೇಳಿಕೊಳ್ಳಬಹುದು. ಸುಪ್ರೀಂ ಕೋರ್ಟಿನ ತೀರ್ಪು ಒತ್ತಾಯವನ್ನು ತಡೆಯುತ್ತದೆ, ಉತ್ತೇಜನವನ್ನು ತಡೆಯುವುದಿಲ್ಲ.

ಗೊಟಗೋಡಿಯ ವಿಶ್ವವಿದ್ಯಾಲಯಕ್ಕೂ ಇಲ್ಲಿ ಪಾತ್ರವಿದೆ. ಜನಪದ ಕಥೆ, ಒಗಟು, ಗಾದೆಗಳ ಸಂಗ್ರಹ ಪಿಎಚ್.ಡಿ. ಪ್ರಬಂಧಗಳಲ್ಲಿ ಉಳಿದರೆ ಮಕ್ಕಳಿಗೆ ಲಾಭವಿಲ್ಲ. ಈ ನಾಲ್ಕು ತಾಲ್ಲೂಕುಗಳ ಕಥೆಗಳನ್ನೇ ಆರಿಸಿ ಕನ್ನಡ ಮತ್ತು ಇಂಗ್ಲಿಷ್, ಲಂಬಾಣಿ ಮತ್ತು ಕನ್ನಡ, ಉರ್ದು ಮತ್ತು ಕನ್ನಡ ಎಂದು ಜೋಡಿ ಭಾಷೆಯ ತೆಳು ಓದುಪುಸ್ತಕಗಳನ್ನು ತರಬಹುದು. ರಾಕ್ ಗಾರ್ಡನ್ ನೋಡಿದ ಮಗು ತಾನು ಕಂಡ ಕುಂಬಾರನ ಬಗ್ಗೆ ಎರಡು ಭಾಷೆಯಲ್ಲಿ ಸ್ವಂತ ವಾಕ್ಯ ಬರೆಯಲು ಬೇಕಾದ ಸಾಮಗ್ರಿ ಅದು. ಹಾವೇರಿ ಜಿಲ್ಲೆಯ ಶಿಕ್ಷಣ ಇಲಾಖೆ ಮತ್ತು ವಿಶ್ವವಿದ್ಯಾಲಯ ಒಂದು ಸಭೆಯಲ್ಲಿ ಕೂತರೆ, ಮುಂದಿನ ಜೂನ್‌ಗೆ ಈ ನಾಲ್ಕು ತಾಲ್ಲೂಕುಗಳ ಕೆಲವು ದ್ವಿಭಾಷಾ ಶಾಲೆಗಳಲ್ಲಾದರೂ ಒಂದನೇ ತರಗತಿಯ ಎರಡು ವಿಭಾಗಗಳನ್ನು ಒಂದಾಗಿಸಿ ಪ್ರಯೋಗ ಶುರುಮಾಡಬಹುದು. ಫಲಿತಾಂಶವನ್ನು ಐದು ವರ್ಷ ದಾಖಲಿಸಿ ಪಾಲಕರ ಮುಂದಿಡಬೇಕು. ವ್ಯಾನು ಹತ್ತಿಸಬೇಕೋ ಬೇಡವೋ ಎಂದು ಅವರೇ ತೀರ್ಮಾನಿಸುತ್ತಾರೆ.